ಬಾಣಂತನ ಮುಗಿದ ಮೇಲೆ

ನಮ್ಮಲ್ಲಿ ಹೆರಿಗೆಯಾದ ಮೊದಲ ಮೂರು ತಿಂಗಳು ಹೇಗೆ ನಡೆಯಬೇಕು ಅನ್ನೋದು ಎಲ್ಲರಿಗೂ ಗೊತ್ತು. ಬಾಣಂತಿ ಏನು ತಿಂದಳು, ಎಷ್ಟು ಹೊತ್ತು ಮಲಗಿದಳು, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾಳಾ, ತಣ್ಣೀರು ಮುಟ್ಟಿದಳಾ, ಎಲ್ಲದರ ಮೇಲೂ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಕಣ್ಣಿಟ್ಟಿರುತ್ತಾರೆ. ಆಮೇಲೆ ಒಂದು ಒಳ್ಳೆಯ ದಿನ ನೋಡಿ, ಮಡಿಲು ತುಂಬಿ, ಮಗಳನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುತ್ತಾರೆ. ಕೆಲವರಲ್ಲಿ ಮೂರನೇ ತಿಂಗಳಿಗೆ, ಕೆಲವರಲ್ಲಿ ಐದನೇ ತಿಂಗಳಿಗೆ. ಅಲ್ಲಿಗೆ ಬಾಣಂತನ ಮುಗಿಯಿತು. ಮಗುವಿನ ಮೊದಲ ವರ್ಷದಲ್ಲಿ ಇನ್ನೂ ಏಳೋ ಒಂಬತ್ತೋ ತಿಂಗಳು ಬಾಕಿ ಇರುತ್ತದೆ. ಆ ತಿಂಗಳುಗಳಲ್ಲಿ ಮಗುವಿಗೆ ಏನು ಮಾಡಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ತಾಯಿಗೆ ಏನು ಮಾಡಬೇಕು ಅಂತ ಹೇಳುವವರು ನನಗಂತೂ ಸಿಗಲಿಲ್ಲ.

ನನ್ನ ಮಗಳಿಗೆ ಮೊನ್ನೆ ವರ್ಷ ತುಂಬಿತು. ನನ್ನ ತವರು ಧಾರವಾಡ ಜಿಲ್ಲೆಯ ಒಂದು ಹಳ್ಳಿ. ಗಂಡನ ಮನೆಯವರು ಮದ್ದೂರು ಕಡೆಯವರು. ನಾವಿಬ್ಬರೂ ಇರುವುದು ಬೆಂಗಳೂರಿನಲ್ಲಿ. ಹಾಗಾಗಿ ನಮ್ಮ ಕೂಸಿನ ಮೊದಲ ವರ್ಷ ಎರಡು ಅಡುಗೆಮನೆ, ಎರಡು ಥರದ ಕನ್ನಡ ಮತ್ತು ಮೂರನೇ ಮಹಡಿಯ ಒಂದು ಫ್ಲ್ಯಾಟಿನ ನಡುವೆ ಕಳೆಯಿತು.

ತವರಿನಲ್ಲಿ ಕಳೆದ ದಿನಗಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅಲ್ಲಿ ನನಗೆ ಏನು ಸಿಕ್ಕಿತು ಅಂತ ಗೊತ್ತಾದರೆ ಆಮೇಲೆ ಏನು ಇಲ್ಲವಾಯಿತು ಅನ್ನೋದೂ ಗೊತ್ತಾಗುತ್ತದೆ.

ಹೆರಿಗೆಗೆ ಮೊದಲೇ ಅವ್ವ ಅಂಟಿನುಂಡಿಗೆ ಸಾಮಾನು ತರಿಸಿಟ್ಟಿದ್ದಳು. ಅಂಟನ್ನು ತುಪ್ಪದಲ್ಲಿ ಹುರಿದಾಗ ಅದು ಚಟಪಟ ಅಂತ ಅರಳುತ್ತದೆ. ಅದಕ್ಕೆ ಉತ್ತತ್ತಿ, ಒಣಕೊಬ್ಬರಿ, ಗಸಗಸೆ, ಗೋಡಂಬಿ, ಬೆಲ್ಲ. ಬೆಳಿಗ್ಗೆ ಒಂದು ಉಂಡಿ, ಮೇಲೆ ಬಿಸಿ ಹಾಲು. ಮಧ್ಯಾಹ್ನ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ. ರಾತ್ರಿ ಎಷ್ಟು ಹೊತ್ತಿಗೆ ಕೂಸು ಎದ್ದರೂ ಅವ್ವನೂ ಏಳುತ್ತಿದ್ದಳು. ನಾನು ಹಾಲು ಕೊಟ್ಟ ಕೂಡಲೇ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟಿ, ತೇಗು ಬರಿಸಿ ತಾನೇ ಮಲಗಿಸುತ್ತಿದ್ದಳು. ಹುಟ್ಟಿದ ಕೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಅಷ್ಟು ಸಲವೂ ನಾನು ಮಾಡಬೇಕಿದ್ದುದು ಹಾಲು ಕೊಡುವ ಕೆಲಸ ಒಂದೇ. "ಬಾಣಂತಿಗೆ ಬ್ಯಾರೆ ಏನ್ ಕೆಲಸ? ಉಣ್ಣೂದು, ಹಾಲು ಕೊಡೂದು, ಮಲಗೂದು" ಅನ್ನುತ್ತಿದ್ದಳು ಅವ್ವ. ಕೂಸನ್ನು ನೋಡಲು ಬಂದವರೂ ಮೊದಲು ನನ್ನ ಮುಖ ನೋಡುತ್ತಿದ್ದರು. "ಯಾಕ ಸೊರಗೀದಿ? ತುಪ್ಪ ಜಾಸ್ತಿ ಹಾಕ್ಕೋ" ಅಂತ ಹೇಳಿ ಹೋಗುತ್ತಿದ್ದರು.

ಕೂಸಿಗೆ ಎರೆಯುವುದು ಅವ್ವನ ಕೆಲಸ. ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಬೆಳಗಾಗುವ ಮೊದಲೇ ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದಳು. ಗಿಡ್ಡ ಮಣೆ ಮೇಲೆ ಕೂತು, ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಎರಡೂ ಕಾಲು ನೀಡಿ, ಕೂಸನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸಿಕೊಳ್ಳುವಳು. ಎಣ್ಣೆ ಬೆಚ್ಚಗಿರಬೇಕು. ಮೊದಲು ಬೆನ್ನು, ಆಮೇಲೆ ತೊಡೆ, ಕೊನೆಗೆ ಅಂಗಾಲು. ನೀರು ಹಾಕುವ ಮೊದಲು ಪ್ರತಿ ಸಲವೂ ತನ್ನ ಮೊಣಕೈ ಅದ್ದಿ ನೋಡುವಳು. ತಲೆಗೆ ನೀರು ಹಾಕುವಾಗ ಎಡಗೈಯನ್ನು ಹಣೆಗೆ ಅಡ್ಡ ಹಿಡಿದರೆ ಒಂದು ಹನಿಯೂ ಮೂಗಿಗೆ ಇಳಿಯುತ್ತಿರಲಿಲ್ಲ. ಮುಗಿಸಿ ಮೆತ್ತನೆ ಹಳೆ ಸೀರೆಯಲ್ಲಿ ಸುತ್ತಿ ಕೊಟ್ಟರೆ ಕೂಸು ಮೂರು ತಾಸು ನಿದ್ದೆ. ಆ ಮೂರು ತಾಸು ನನಗೂ ನಿದ್ದೆ.

ಎಲ್ಲವೂ ಸಲೀಸಾಗಿ ನಡೆಯಿತು ಅಂತಲ್ಲ. ಹಳೆಯದು, ಹೊಸದು ಅನ್ನುವ ಮಾತುಕತೆ ದಿನವೂ ಇತ್ತು. ಎಣ್ಣೆ ತಿಕ್ಕುವುದಕ್ಕೆ ಡಾಕ್ಟರು ಬೇಡ ಅನ್ನಲಿಲ್ಲ. ಮೂಗಿಗೂ ಕಿವಿಗೂ ಎಣ್ಣೆ ಬಿಡಬೇಡಿ ಅಂದರು. ಸಾಂಬ್ರಾಣಿ ಹೊಗೆ ಬೇಡ ಅಂದರು. ಹಿಂದೆ ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿಯಿತ್ತು. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಇಬ್ಬರಿಗೂ ಒಳ್ಳೆಯದಲ್ಲ ಅಂತ ಅವ್ವ ತಾನೇ ಅದನ್ನು ಬಿಟ್ಟಿದ್ದಳು. ಜೇನುತುಪ್ಪ ನೆಕ್ಕಿಸುವುದಕ್ಕೆ ಮಾತ್ರ ಅಪ್ಪನ ಅಕ್ಕ ಬಹಳ ಹಟ ಮಾಡಿದರು. ಜೇನಿನಲ್ಲಿ ಬಾಟುಲಿಸಂ ಅನ್ನುವ ಕಾಯಿಲೆ ತರುವ ಸೂಕ್ಷ್ಮಜೀವಿ ಇರಬಹುದು, ವರ್ಷದೊಳಗಿನ ಕೂಸಿನ ಕರುಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ, ಅದಕ್ಕೇ ಒಂದು ವರ್ಷ ತುಂಬುವವರೆಗೆ ಕೊಡಬಾರದು. ಇದನ್ನು ನಾನು ಹೇಳಿದಾಗ ಅವರು ಕೇಳಲಿಲ್ಲ. ಲಸಿಕೆ ಹಾಕಲು ಬರುವ ನರ್ಸಮ್ಮ ಹೇಳಿದಾಗ ಕೇಳಿದರು. ಬಜೆ ತೇಯುವ ಕಲ್ಲೂ ಹೀಗೇ ಕಪಾಟಿಗೆ ಹೋಯಿತು. ಬಜೆಯಲ್ಲಿರುವ ಬೀಟಾ ಅಸರೋನ್ ಅನ್ನುವ ಹಾನಿಕಾರಕ ಅಂಶದಿಂದಾಗಿ ಅಮೆರಿಕದಲ್ಲಿ ಅದನ್ನು ಆಹಾರಕ್ಕೆ ಬಳಸುವುದನ್ನು 1968ರಲ್ಲೇ ನಿಷೇಧಿಸಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಅದು ಮಾತು ಬೇಗ ಬರಲಿ ಅಂತ ಕೂಸಿನ ನಾಲಿಗೆಗೆ ಹೋಗುತ್ತದೆ. ಇಂಥವನ್ನು ಬಿಡಲೇಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಇವನ್ನೆಲ್ಲ ಬಿಟ್ಟ ಮೇಲೂ ಬಾಣಂತನದಲ್ಲಿ ಉಳಿಯುವುದು ದೊಡ್ಡದು. ಹೆತ್ತವಳೂ ಎತ್ತಿ ಸಾಕಬೇಕಾದ ಜೀವವೇ ಅಂತ ಒಪ್ಪಿಕೊಂಡ ಪದ್ಧತಿ ಅದು.

ಸರ್ಕಾರದ ಲೆಕ್ಕವೂ ಹೆಚ್ಚು ಕಡಿಮೆ ಹಾಗೇ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. ನಮ್ಮೂರಿನ ಆಶಾ ಅಕ್ಕ ತಪ್ಪದೆ ಬಂದರು. ಕೂಸಿನ ತೂಕ, ಹೊಕ್ಕುಳು, ನನ್ನ ಹೊಲಿಗೆ, ಜ್ವರ, ಎಲ್ಲ ಕೇಳಿದರು. 42ನೇ ದಿನದ ನಂತರವೂ ತಾಯಿ ಕಾರ್ಡಿನಲ್ಲಿ ಕೂಸಿಗೆ ಲಸಿಕೆಯ ತಾರೀಕುಗಳಿವೆ, ತೂಕದ ಗೆರೆ ಇದೆ. ನನ್ನ ಬಗ್ಗೆ ಬರೆಯುವ ಜಾಗ ಅಲ್ಲಿಗೆ ಮುಗಿಯುತ್ತದೆ.

ಐದನೇ ತಿಂಗಳಿಗೆ ಕಳಿಸಿದರು. ನಮ್ಮ ಮನೆಯ ತೊಟ್ಟಿಲು ಕಲಘಟಗಿಯದು, ಅಜ್ಜ ಮಾಡಿಸಿದ್ದು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಗಳ ಮೇಲೆ ಕೃಷ್ಣನ ಬಾಲಲೀಲೆ. ಅದರಲ್ಲಿ ಅಣ್ಣನೂ ನಾನೂ ಮಲಗಿದ್ದೆವು. ಕೆಂಪು ಬಣ್ಣ ಇನ್ನೂ ಮಾಸಿಲ್ಲ. ಅದನ್ನು ತೂಗುಹಾಕಲು ತೊಲೆ ಬೇಕು. ಫ್ಲ್ಯಾಟಿನಲ್ಲಿ ತೊಲೆ ಎಲ್ಲಿಂದ ಬರಬೇಕು? ತೊಟ್ಟಿಲು ಊರಲ್ಲೇ ಉಳಿಯಿತು. ಕೌದಿ, ಕುಂಚಿಗೆ, ಒಂದು ಡಬ್ಬ ಅಂಟಿನುಂಡಿ ನಮ್ಮ ಜೊತೆ ಬಂದವು.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

2017ರಲ್ಲಿ ಹೆರಿಗೆ ರಜೆಯ ಕಾನೂನು ತಿದ್ದುಪಡಿಯಾಗಿ 12 ವಾರದ ರಜೆ 26 ವಾರ ಆಯಿತು, ಮೊದಲ ಎರಡು ಮಕ್ಕಳಿಗೆ. ಅಂದರೆ ಆರು ತಿಂಗಳು. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಮೊದಲೇ ತೆಗೆದುಕೊಂಡಷ್ಟೂ ಆಮೇಲೆ ಕಡಿಮೆ. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಆರು ತಿಂಗಳು ತಾಯಿಹಾಲು ಮಾತ್ರ, ನೀರೂ ಬೇಡ, ಆಮೇಲೆ ಮೇಲಿನ ಆಹಾರ ಶುರು ಮಾಡಿ ಅಂತ. ಹುಟ್ಟುವಾಗ ಕೂಸು ತನ್ನ ಜೊತೆ ತಂದ ಕಬ್ಬಿಣದಂಶ ಖಾಲಿಯಾಗುತ್ತಾ ಬರುವುದೂ ಆರನೇ ತಿಂಗಳ ಹೊತ್ತಿಗೇ. ಹಲ್ಲು ಬರುವ ಕಿರಿಕಿರಿ ಶುರುವಾಗುವುದೂ ಸುಮಾರು ಆಗಲೇ. ಸ್ವಲ್ಪ ದಿನ ಬಿಟ್ಟು ಕೂಸಿಗೆ ಗುರುತಿನವರು ಯಾರು, ಹೊಸಬರು ಯಾರು ಅಂತ ತಿಳಿಯತೊಡಗುತ್ತದೆ. ತಾಯಿ ಕಣ್ಣಿಗೆ ಕಾಣದಿದ್ದರೆ ಅಳು.

ಇದೆಲ್ಲ ಒಟ್ಟೊಟ್ಟಿಗೇ ಬರುತ್ತದೆ. ತವರಿನಿಂದ ಬಂದಿದ್ದು ಆಗಲೇ, ರಾತ್ರಿ ಎದ್ದು ಕೂಸನ್ನು ಎತ್ತಿಕೊಳ್ಳುವ ಅವ್ವ ಇಲ್ಲದಂತಾಗಿದ್ದು ಆಗಲೇ, ಆಫೀಸು ಕರೆದಿದ್ದು ಆಗಲೇ, ಕೂಸಿಗೆ ಊಟ ಕಲಿಸಬೇಕಾಗಿದ್ದು ಆಗಲೇ, ಕೂಸು ನನ್ನನ್ನು ಬಿಟ್ಟಿರಲಾರೆ ಅನ್ನಲು ಶುರು ಮಾಡಿದ್ದೂ ಆಗಲೇ. ಹೆರಿಗೆಯಾದ ಮೊದಲ ವಾರ ನನ್ನ ಸುತ್ತ ಮನೆ ತುಂಬ ಜನರಿದ್ದರು. ಆಫೀಸಿಗೆ ಹೊರಟ ವಾರ ಗಂಡನನ್ನು ಬಿಟ್ಟರೆ ಯಾರೂ ಇರಲಿಲ್ಲ. ನನ್ನನ್ನು ಕೇಳಿದರೆ ಜನ ಹೆಚ್ಚು ಬೇಕಾಗಿದ್ದುದು ಈಗ.

ನನ್ನದು ಸಂಬಳದ ರಜೆ ಸಿಕ್ಕ ಕಥೆ ಅನ್ನೋದು ನನಗೆ ಗೊತ್ತು. ನಮ್ಮ ಕಟ್ಟಡದ ಮೆಟ್ಟಿಲು ಒರೆಸುವ ಹೆಣ್ಣುಮಗಳು ಕೂಸಿಗೆ ಎರಡು ತಿಂಗಳಾಗುವ ಮೊದಲೇ ಕೆಲಸಕ್ಕೆ ಬಂದಿದ್ದಳು. 26 ವಾರದ ಕಾನೂನು ಅವಳವರೆಗೆ ಇಳಿಯುವುದೇ ಇಲ್ಲ. ಮೊದಲ ಹೆರಿಗೆಗೆ ಕೇಂದ್ರದ ಮಾತೃ ವಂದನಾ ಯೋಜನೆಯಲ್ಲಿ 5,000 ರೂಪಾಯಿ ಕಂತಿನಲ್ಲಿ ಬರುತ್ತದೆ. ಆರು ತಿಂಗಳ ಕೂಲಿ ಬಿಟ್ಟು ಮನೆಯಲ್ಲಿ ಕೂರಲು ಅದು ಸಾಕಾಗುತ್ತಾ? ನಮ್ಮ ರಾಜ್ಯದಲ್ಲಿ ಎರಡು ಕೆಲಸ ಒಳ್ಳೆಯವು ಆಗಿವೆ. 2017ರಲ್ಲಿ ಶುರುವಾದ ಮಾತೃಪೂರ್ಣ, ಅಂದರೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನ ಬಿಸಿಯೂಟ. ಇನ್ನೊಂದು, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆಗಳು. 1975ರಲ್ಲಿ ದೇಶದ 33 ಕಡೆ ಅಂಗನವಾಡಿ ಯೋಜನೆ ಮೊದಲು ಶುರುವಾದಾಗ ಅದರಲ್ಲಿ ನಮ್ಮ ಟಿ. ನರಸೀಪುರವೂ ಒಂದಾಗಿತ್ತು. ಅಂಥ ನಾಡಿನಲ್ಲಿ, ಬೆಂಗಳೂರಿನ ಗಲ್ಲಿಯೊಂದರಲ್ಲಿ ಮನೆಗೆಲಸಕ್ಕೆ ಹೋಗುವ ತಾಯಿಗೆ ಆರು ತಿಂಗಳ ಕೂಸನ್ನು ನಂಬಿ ಬಿಟ್ಟುಹೋಗುವ ಜಾಗ ಸಿಗಬೇಕಲ್ವಾ? ನಮ್ಮ ಕಟ್ಟಡದ ಹೆಣ್ಣುಮಗಳು ಕೂಸನ್ನು ತನ್ನ ಅಕ್ಕನ ಎಂಟು ವರ್ಷದ ಮಗಳ ಹತ್ತಿರ ಬಿಟ್ಟು ಬರುತ್ತಿದ್ದಳು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಬಹುದು ಅಂತ ಹೆರಿಗೆ ರಜೆಯ ಕಾನೂನೇ ಹೇಳುತ್ತದೆ. ಮನೆಗೆಲಸದವರಿಗೆ 50 ಜನರ ಲೆಕ್ಕ ಎಲ್ಲಿಂದ ತರುವುದು?

ಇನ್ನು ಅಪ್ಪಂದಿರ ರಜೆ. ಕೇಂದ್ರ ಸರ್ಕಾರದ ನೌಕರರಿಗೆ 15 ದಿನ ಇದೆ. ಖಾಸಗಿಯಲ್ಲಿ ಕಂಪನಿ ಕೊಟ್ಟಷ್ಟು. ಕೊಟ್ಟರೂ ಎಲ್ಲರೂ ತೆಗೆದುಕೊಳ್ಳುವುದು ಹೆರಿಗೆಯ ವಾರದಲ್ಲೇ. ನಮ್ಮ ಪದ್ಧತಿಯಲ್ಲಿ ಆಗ ಹೆಂಡತಿ ತವರಲ್ಲಿರುತ್ತಾಳೆ. ಅಳಿಯ ಬಂದರೆ ಕುರ್ಚಿ ಹಾಕಿ, ಚಹಾ ಕೊಟ್ಟು, ಕೂಸನ್ನು ಒಂದು ನಿಮಿಷ ತೊಡೆ ಮೇಲಿಟ್ಟು ಮತ್ತೆ ಒಳಗೆ ಒಯ್ಯುತ್ತಾರೆ. ಅವರು ಮಾಡಲು ಕೆಲಸವೇ ಇರುವುದಿಲ್ಲ. ಕೇಂದ್ರದ ನಿಯಮದಲ್ಲಿ ಆ 15 ದಿನವನ್ನು ಹೆರಿಗೆಯಾದ ಆರು ತಿಂಗಳೊಳಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಮ್ಮವರು ತಮ್ಮ ರಜೆಯನ್ನು ಉಳಿಸಿಕೊಂಡಿದ್ದರು, ಅದಕ್ಕೆ ವರ್ಷದ ರಜೆಯನ್ನೂ ಸೇರಿಸಿಕೊಂಡರು. ನಾನು ಆಫೀಸಿಗೆ ಹೊರಟ ದಿನದಿಂದ ಅವರು ಮನೆಯಲ್ಲಿದ್ದರು. ನಮ್ಮ ಮನೆ ಉಳಿದದ್ದು ಆ ದಿನಗಳಿಂದ.

ಅವರು ಮೊದಲು ಕಲಿತದ್ದು ಎರೆಯುವುದು. ಕಳಿಸುವ ಹಿಂದಿನ ವಾರ ಊರಿಗೆ ಬಂದು ಅವ್ವನ ಹತ್ತಿರ ಕೂತು ಕಲಿತರು. ಅಳಿಯ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂರುವುದು ಅಂದರೆ ಅವ್ವನಿಗೆ ಮೊದಮೊದಲು ಬಹಳ ಸಂಕೋಚ. "ನೀವ್ಯಾಕ ತ್ರಾಸ ತಗೋತೀರಿ" ಅಂದಳು. ಆಮೇಲೆ ಅವಳೇ "ಕುತಗಿ ಹಿಂದ ಕೈ ಇರಲಿ, ಹಾಂ, ಹಂಗ" ಅಂತ ಅವರ ಕೈ ಹಿಡಿದು ತೋರಿಸಿದಳು. ಬೆಂಗಳೂರಿನಲ್ಲಿ ಹಂಡೆ ಇಲ್ಲ, ಗೀಸರಿನ ನೀರು, ಪ್ಲಾಸ್ಟಿಕ್ ಟಬ್ಬು. ಆದರೂ ನೀರು ಹಾಕುವ ಮೊದಲು ಮೊಣಕೈ ಅದ್ದಿ ನೋಡುವುದನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ನನ್ನ ಮಗಳಿಗೆ ಸ್ನಾನ ಅಂದರೆ ಅಪ್ಪ.

ಇಲ್ಲಿ ಒಂದು ಮಾತು ಹೇಳಬೇಕು. ಹೆಂಡತಿ ಹೇಳಿದಾಗ ಹೇಳಿದ ಕೆಲಸ ಮಾಡುವುದು ಬೇರೆ, ಒಂದು ಕೆಲಸವನ್ನು ಪೂರ್ತಿಯಾಗಿ ತನ್ನದು ಮಾಡಿಕೊಳ್ಳುವುದು ಬೇರೆ. ಲಸಿಕೆ ಅವರ ಪಾಲಿಗೆ ಬಂತು ಅಂದರೆ ತಾರೀಕು ನೆನಪಿಡುವುದು, ಕಾರ್ಡು ತೆಗೆದುಕೊಂಡು ಹೋಗುವುದು, ಅಳುವ ಕೂಸನ್ನು ಹಿಡಿದು ಕೂರುವುದು, ಆ ರಾತ್ರಿ ಜ್ವರ ನೋಡುತ್ತಾ ಎಚ್ಚರ ಇರುವುದು, ಎಲ್ಲವೂ ಬಂತು. ಎಲ್ಲಿ ಏನಿದೆ, ಯಾವಾಗ ಏನು ಮುಗಿಯುತ್ತದೆ ಅನ್ನುವ ಲೆಕ್ಕ ತಲೆಯಿಂದ ಇಳಿದರೆ ತಾಯಿಗೆ ಅರ್ಧ ದಣಿವು ಇಳಿದಂತೆ. ಡಯಾಪರ್ ಖಾಲಿಯಾಗಿದೆ ಅಂತ ಗಂಡನಿಗೆ ನೆನಪು ಮಾಡುವುದೂ ಒಂದು ಕೆಲಸವೇ ಅಂತ ಬಹಳ ಗಂಡಸರಿಗೆ ಅನ್ನಿಸುವುದಿಲ್ಲ.

ಅವರ ರಜೆ ಮುಗಿಯುವ ಹೊತ್ತಿಗೆ ಅತ್ತೆ ಮದ್ದೂರಿನಿಂದ ರಾಗಿ ಹೊತ್ತುಕೊಂಡು ಬಂದರು.

ನಾನು ಅಂಗಡಿಯಿಂದ ತಂದಿದ್ದ ಡಬ್ಬ ನೋಡಿ, "ಅದ್ಯಾಕವ್ವ, ನಾನ್ ಇಲ್ವಾ" ಅಂದರು. ರಾಗಿಯನ್ನು ನಾಲ್ಕೈದು ನೀರಲ್ಲಿ ತೊಳೆದು, ಕಲ್ಲು ಅರಿಸಿ, ರಾತ್ರಿ ನೆನೆಹಾಕಿದರು. ಮರುದಿನ ನೀರು ಬಸಿದು ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದರು. ಅಡುಗೆಮನೆ ಮೂಲೆಯಲ್ಲಿ ತೂಗುಹಾಕಿ ಆಗಾಗ ನೀರು ಚಿಮುಕಿಸುತ್ತಿದ್ದರು. ಬಿಳಿ ಮೊಳಕೆ ಬಟ್ಟೆಯಿಂದ ಹೊರಗೆ ಇಣುಕಿತು. ಆಮೇಲೆ ನೆರಳಲ್ಲಿ ಒಣಗಿಸಿ, ಬೆರಳಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಗಿರಣಿಗೆ ಕಳಿಸಿದರು. ಕೊನೆಯ ಕೆಲಸ ನೋಡಲು ನನಗೆ ಬಹಳ ಇಷ್ಟ. ಪಾತ್ರೆಯ ಬಾಯಿಗೆ ತೆಳು ಮಲ್ ಬಟ್ಟೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಹಿಡಿ ಹಿಟ್ಟು ಹಾಕಿ, ಅಂಗೈಯಲ್ಲಿ ಸುತ್ತಿ ಸುತ್ತಿ ತಿಕ್ಕುತ್ತಾರೆ. ಹೊಟ್ಟು ಮೇಲೆ ಉಳಿಯುತ್ತದೆ. ಕೆಳಗೆ ಇಳಿದ ಪುಡಿ ಬೆರಳಿಗೆ ಹತ್ತಿದ್ದೇ ಗೊತ್ತಾಗದಷ್ಟು ನುಣುಪು.

ಅದನ್ನು ತಣ್ಣೀರಲ್ಲಿ ಗಂಟಾಗದಂತೆ ಕಲಸಿ, ಕೈ ಬಿಡದೆ ತಿರುವುತ್ತಾ ಬೇಯಿಸಬೇಕು. ಬೆಂದಾಗ ಹೊಳಪು ಬರುತ್ತದೆ. ಮೇಲೆ ಅರ್ಧ ಚಮಚ ತುಪ್ಪ. ವರ್ಷ ತುಂಬುವವರೆಗೆ ಉಪ್ಪು ಸಕ್ಕರೆ ಬೇಡ ಅಂತ ಡಾಕ್ಟರು ಹೇಳಿದ್ದನ್ನು ಅತ್ತೆ ಒಂದೇ ಮಾತಿಗೆ ಒಪ್ಪಿದರು. ಬೆಲ್ಲಕ್ಕೆ ಮಾತ್ರ ಸ್ವಲ್ಪ ಚೌಕಾಸಿ ನಡೆಯಿತು, ಅದನ್ನೂ ಬಿಟ್ಟರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಧಾನ್ಯಗಳಲ್ಲಿ ಅಷ್ಟು ಇರುವುದು ಅಪರೂಪ. ಮೊಳಕೆ ಬರಿಸುವುದರಲ್ಲೂ ಅರ್ಥವಿದೆ. ಮೊಳಕೆಯಾದಾಗ ಹಿಟ್ಟಿನ ಪಿಷ್ಟ ಒಡೆಯುತ್ತದೆ, ರಾಗಿ ಸರಿ, ಅಂದರೆ ಕೂಸಿನ ಗಂಜಿ, ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಕೂಸಿನ ಪುಟ್ಟ ಹೊಟ್ಟೆಗೆ ನೀರು ಕಡಿಮೆ, ಕಾಳು ಜಾಸ್ತಿ ಹೋಗುತ್ತದೆ. ಕಬ್ಬಿಣದಂಶವನ್ನು ಮೈಗೆ ಹತ್ತದಂತೆ ಹಿಡಿದಿಡುವ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ಅತ್ತೆಗೆ ಈ ಹೆಸರುಗಳು ಬೇಕಿಲ್ಲ. "ಮೊಳ್ಕೆ ಕಟ್ದ್ರೆ ಹಗುರ, ಮಗೀಗೆ ಅರಗ್ತದೆ" ಅನ್ನುತ್ತಾರೆ.

ಮೊದಲ ಚಮಚ ಪೂರ್ತಿ ಹೊರಗೆ ಬಂತು. ಎರಡನೆಯದೂ. ಮೂರನೆಯದನ್ನು ಮಗಳು ಬಾಯಲ್ಲಿ ಇಟ್ಟುಕೊಂಡು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. ಆಮೇಲೆ ನುಂಗಿದಳು. ಕೆಲವೇ ದಿನದಲ್ಲಿ ಬಟ್ಟಲಿನ ಸದ್ದು ಕೇಳಿದರೆ ಸಾಕು, ಕೈಕಾಲು ಬಡಿದು "ಬುವ್ವಾ" ಅನ್ನುವಂಥ ಒಂದು ಸದ್ದು ಮಾಡುತ್ತಿದ್ದಳು. ಆ ಸದ್ದು ಕೇಳಲು ನಾನು ಬೆಳಿಗ್ಗೆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದದ್ದಿದೆ.

ಇಷ್ಟೆಲ್ಲ ಇದ್ದರೂ ಏಳೆಂಟನೇ ತಿಂಗಳು ನನಗೆ ಬಹಳ ಕಷ್ಟವಾಯಿತು. ಕೂಸು ರಾತ್ರಿ ಮತ್ತೆ ಮತ್ತೆ ಏಳುತ್ತಿತ್ತು. ನೆಗಡಿ ಹೋದರೆ ಜ್ವರ, ಜ್ವರ ಹೋದರೆ ಭೇದಿ. ಆಫೀಸಿನಲ್ಲಿ ಕೂತಾಗ ಎದೆ ಗಟ್ಟಿಯಾಗಿ ನೋವು. ಯಾವುದಕ್ಕೆ ಅಂತ ಗೊತ್ತಿಲ್ಲದೆ ಅಳು ಬರುತ್ತಿತ್ತು. ಫೋನ್ ಮಾಡಿದವರೆಲ್ಲ ಕೇಳುತ್ತಿದ್ದುದು ಒಂದೇ. ಪಾಪು ಹೇಗಿದೆ? ಕೂತ್ಕೊಳ್ಳುತ್ತಾ? ಹಲ್ಲು ಬಂತಾ? ತೂಕ ಎಷ್ಟು? ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಮೂರು ತಿಂಗಳ ಹಿಂದೆ ನನ್ನ ಮುಖ ನೋಡಿ ತುಪ್ಪ ಹಾಕ್ಕೋ ಅಂದವರೂ ಈಗ ವಿಡಿಯೋ ಕರೆಯಲ್ಲಿ "ಫೋನ್ ಆ ಕಡೆ ತಿರುಗಿಸು, ಕೂಸನ್ನ ತೋರಿಸು" ಅನ್ನುತ್ತಿದ್ದರು.

ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಲಸಿಕೆ. ಅವತ್ತು ನಮ್ಮವರ ಜೊತೆ ನಾನೂ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಚುಚ್ಚಿ, ಕಾರ್ಡಿನಲ್ಲಿ ಬರೆದು, ವಿಟಮಿನ್ ಎ ಕುಡಿಸಿದ ಮೇಲೆ ಅಲ್ಲಿನ ಸಿಸ್ಟರ್ ಪೆನ್ನು ಮುಚ್ಚಿ ನನ್ನ ಕಡೆ ತಿರುಗಿ, "ನಿಮಗೆ ನಿದ್ದೆ ಆಗ್ತಿದ್ಯಾ?" ಅಂದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಸಾಲಿನಲ್ಲಿ ಇನ್ನೂ ಎಷ್ಟೋ ತಾಯಂದಿರು ನಿಂತಿದ್ದರು. ಆದರೂ ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಐದು ನಿಮಿಷ ಮಾತಾಡಿದರು. ರಕ್ತ ಪರೀಕ್ಷೆ ಮಾಡಿಸಿ ಅಂದರು. ಹಿಮೋಗ್ಲೋಬಿನ್ ಬಹಳ ಕಡಿಮೆ ಇತ್ತು. ಕೂಸಿಗೆ ಕಬ್ಬಿಣದಂಶ ಸಾಕಾಗುತ್ತಾ ಅಂತ ಮನೆಯಲ್ಲಿ ಎಲ್ಲರೂ ಲೆಕ್ಕ ಹಾಕುತ್ತಿದ್ದೆವು. ನನ್ನದನ್ನು ಯಾರೂ ನೋಡಿರಲಿಲ್ಲ.

ನನ್ನದು ರಕ್ತ ಕಡಿಮೆಯಾಗಿ, ನಿದ್ದೆಗೆಟ್ಟು ಬಂದ ಸುಸ್ತು, ಮಾತ್ರೆ ಮತ್ತು ನಿದ್ದೆಯಿಂದ ಹೋಯಿತು. ಎಲ್ಲರದೂ ಹಾಗಿರುವುದಿಲ್ಲ. ಹೆರಿಗೆಯಾದ ಕೂಡಲೇ ಬರುವ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನೇ ಕಡಿಮೆಯಾಗುತ್ತದೆ. ಅದು ಕಡಿಮೆಯಾಗದೆ ಉಳಿದರೆ, ಅಥವಾ ವರ್ಷದೊಳಗೆ ಯಾವಾಗಲಾದರೂ ಶುರುವಾಗಿ ವಾರಗಟ್ಟಲೆ ಹೋಗದಿದ್ದರೆ, ಕೂಸು ಮಲಗಿದರೂ ತಾಯಿಗೆ ನಿದ್ದೆ ಬರದಿದ್ದರೆ, ನಾನು ಇಲ್ಲದಿದ್ದರೇ ಒಳ್ಳೆಯದು ಅಂತ ಅನ್ನಿಸತೊಡಗಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. "ಎಲ್ಲರೂ ಹೆತ್ತಿಲ್ವಾ" ಅನ್ನುವ ಮಾತಿನಿಂದ ಅದು ವಾಸಿಯಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಸೇರಿಸಿಕೊಂಡು ನೋಡುವ ವಿಭಾಗ 2009ರಿಂದ ಇದೆ, ದೇಶದಲ್ಲಿ ಅಂಥದ್ದು ಅದೇ ಮೊದಲು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಈ ನಂಬರನ್ನು ತಾಯಿಗಿಂತ ಹೆಚ್ಚಾಗಿ ಅವಳ ಗಂಡ, ಅತ್ತೆ, ಅಣ್ಣತಮ್ಮಂದಿರು ಬರೆದಿಟ್ಟುಕೊಳ್ಳಬೇಕು.

ಅವ್ವನ ಬಗ್ಗೆ ಹೇಳದಿದ್ದರೆ ಇದು ಪೂರ್ತಿಯಾಗುವುದಿಲ್ಲ. ನನ್ನನ್ನು ಕಳಿಸಿದ ಮೇಲೆ ಅವಳು ಸೊಂಟ ಹಿಡಿದು ಮಲಗಿದಳು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಅದೂ ಅಪ್ಪನಿಂದ. ಅರವತ್ತು ದಾಟಿದ ಹೆಂಗಸು ದಿನವೂ ಹಂಡೆ ನೀರು ಎತ್ತಿ, ನೆಲದಲ್ಲಿ ಕೂತೆದ್ದು, ರಾತ್ರಿಯೆಲ್ಲ ಎಚ್ಚರ ಇದ್ದು ಮಾಡುವ ಕೆಲಸ ಇದು. ಈಗ ಅಜ್ಜಿಯಂದಿರು ಇದನ್ನು ದೇಶ ದಾಟಿಯೂ ಮಾಡುತ್ತಾರೆ. ಅಮೆರಿಕದಲ್ಲಿ ಮಗಳು ಹೆತ್ತರೆ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ಹಾಗಾಗಿ ಮೊದಲು ಅಮ್ಮ, ಅವರು ಬಂದ ಮೇಲೆ ಅತ್ತೆ. ಇಬ್ಬರು ಬೀಗಿತ್ತಿಯರು ಸರದಿ ಹಾಕಿಕೊಂಡು ಒಂದು ಕೂಸಿನ ವರ್ಷ ತುಂಬಿಸುತ್ತಾರೆ. ಸಾರಿನ ಪುಡಿ, ರಾಗಿ ಹಿಟ್ಟು, ಅಂಟಿನುಂಡಿ ಸೂಟ್‌ಕೇಸಿನಲ್ಲಿ ಹೋಗುತ್ತವೆ. ಹೊರಗೆ ಹಿಮ, ಗೊತ್ತಿರುವವರು ಯಾರೂ ಇಲ್ಲ, ಗಾಡಿ ಓಡಿಸಲು ಬರುವುದಿಲ್ಲ, ಇಡೀ ದಿನ ಕೂಸಿನ ಜೊತೆ ಒಂದು ಮನೆಯೊಳಗೆ. ವಾಪಸು ಬಂದಾಗ ಜನ ಕೇಳುವುದು, ನಯಾಗರ ನೋಡಿದಿರಾ ಅಂತ. ಮೊಣಕಾಲು ಹೇಗಿದೆ ಅಂತ ಕೇಳುವವರು ಕಡಿಮೆ.

ಒಂಬತ್ತನೇ ತಿಂಗಳಿಂದ ಆಚೆಗಿನ ದಿನಗಳು ನನಗೆ ಬಹಳ ಇಷ್ಟವಾದವು. ನನಗೂ ಸ್ವಲ್ಪ ಶಕ್ತಿ ಬಂದಿತ್ತು. ಮಗಳು ಅಂಬೆಗಾಲಿಟ್ಟು ಅತ್ತೆಯ ಸೀರೆ ಸೆರಗಿನ ಹಿಂದೆಯೇ ಅಡುಗೆಮನೆಗೆ ಹೋಗುವಳು. ಚನ್ನಪಟ್ಟಣದ ಮರದ ಗಿಲಕಿಯನ್ನು ನೆಲಕ್ಕೆ ಬಡಿಯುವಳು. ನಾನು ಬಾಗಿಲು ತೆಗೆಯುವ ಸದ್ದಿಗೆ, ಬ್ಯಾಗು ಕೆಳಗಿಡುವ ಮೊದಲೇ ಕಾಲ ಹತ್ತಿರ ಬಂದು ಚೂಡಿದಾರ ಹಿಡಿದು ಎದ್ದು ನಿಲ್ಲುವಳು. ಹುಟ್ಟಿದಾಗಿನ ತೂಕದ ಮೂರು ಪಟ್ಟು ಆಗಿದ್ದಾಳೆ, ವರ್ಷಕ್ಕೆ ಅಷ್ಟಾಗಬೇಕಂತೆ. ಹುಟ್ಟುಹಬ್ಬವನ್ನು ಊರಲ್ಲೇ ಮಾಡಿದೆವು. ಕಲಘಟಗಿ ತೊಟ್ಟಿಲಲ್ಲಿ ಮಲಗಿಸಿದರೆ ಒಂದು ನಿಮಿಷವೂ ಇರದೆ ಎದ್ದು ಕೂತಳು, ಅಂಚು ಹಿಡಿದು ಹಾರಲು ನೋಡಿದಳು. ಅಪ್ಪ ಹೆದರಿ ಎತ್ತಿಕೊಂಡರು.

ಈಗ ಯಾರ ಮನೆಯಲ್ಲಾದರೂ ಐದಾರು ತಿಂಗಳ ಕೂಸಿದೆ ಅಂದರೆ ನಾನು ಫೋನ್ ಮಾಡಿ ಕೇಳಿಯೇ ಹೋಗುತ್ತೇನೆ. ಫ್ರಾಕು, ಬೆಳ್ಳಿ ಬಟ್ಟಲು ಕೊಡುವವರು ಬೇಕಾದಷ್ಟು ಜನ ಇರುತ್ತಾರೆ. ನಾನು ಒಂದು ಡಬ್ಬ ಸಾರು, ಪಲ್ಯ ಒಯ್ಯುತ್ತೇನೆ, ಕೂಸನ್ನು ಎರಡು ತಾಸು ಎತ್ತಿಕೊಳ್ಳುತ್ತೇನೆ, ನೀನು ಬಾಗಿಲು ಹಾಕಿಕೊಂಡು ಮಲಗು ಅನ್ನುತ್ತೇನೆ. ಮೊದಲು ಯಾರೂ ಒಪ್ಪುವುದಿಲ್ಲ. "ಅಯ್ಯೋ ನೀವು ಬಂದಿದ್ದೀರ, ಕೂತ್ಕೊಳ್ಳಿ, ಕಾಫಿ ಮಾಡ್ತೀನಿ" ಅನ್ನುತ್ತಾರೆ. ಎರಡನೇ ಸಲ ಹೇಳಿದರೆ ಮಲಗುತ್ತಾರೆ.

ಮುಂದಿನ ತಿಂಗಳು ಅತ್ತಿಗೆ ಕೂಸಿನ ಜೊತೆ ತವರಿನಿಂದ ಹುಬ್ಬಳ್ಳಿಗೆ ಬರುತ್ತಾಳೆ. ಅಣ್ಣನಿಗೆ ರಜೆ ಖರ್ಚು ಮಾಡಬೇಡ, ಅವಳು ಬರುವ ವಾರಕ್ಕೆ ಇಟ್ಟುಕೋ ಅಂತ ಮೊದಲೇ ಹೇಳಿದ್ದೆ, ಇಟ್ಟುಕೊಂಡಿದ್ದಾನೆ. ಅತ್ತಿಗೆಯ ರಕ್ತ ಪರೀಕ್ಷೆಯ ತಾರೀಕನ್ನೂ ಕೂಸಿನ ಲಸಿಕೆಯ ತಾರೀಕಿನ ಪಕ್ಕದಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಅತ್ತೆ ಈ ಸಲ ಎರಡು ಸೇರು ರಾಗಿ ಜಾಸ್ತಿ ನೆನೆಹಾಕಿದ್ದಾರೆ, ಹುಬ್ಬಳ್ಳಿಗೂ ಕಳಿಸಬೇಕಲ್ವಾ ಅಂತ.